ಮುಂದಿನ ಸೀಸನ್‌ನ ರನ್ನಿಂಗ್ ಬ್ಯಾಕ್ ಸಾಲು: ಲೆಕ್ಕ ಹಾಕುವ ಬಗೆ

2024ರ ಆಗಸ್ಟ್‌ನಲ್ಲಿ, ಮೊದಲ ಪಂದ್ಯಕ್ಕೂ ಮುಂಚೆ, ಟೆಕ್ಸಸ್ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ತಂಡ ಇಬ್ಬರು ರನ್ನಿಂಗ್ ಬ್ಯಾಕ್‌ಗಳನ್ನು (ಚೆಂಡು ಹೊತ್ತು ಓಡುವವರನ್ನು) ಇಡೀ ಸೀಸನ್‌ಗೆ ಕಳೆದುಕೊಂಡಿತು. ಸಿಜೆ ಬ್ಯಾಕ್ಸ್‌ಟರ್‌ಗೆ ಮೊಣಕಾಲು ಪೆಟ್ಟು, ಕ್ರಿಶ್ಚಿಯನ್ ಕ್ಲಾರ್ಕ್‌ಗೆ ಹಿಮ್ಮಡಿಯ ಸ್ನಾಯುರಜ್ಜು ಹರಿದದ್ದು. ಆದರೂ ತಂಡ ಪ್ಲೇಆಫ್ ಸೆಮಿಫೈನಲ್ ತಲುಪಿತು, ಹಿಂದಿನ ವರ್ಷ ಹೆಚ್ಚು ಅವಕಾಶ ಸಿಗದಿದ್ದ ಕ್ವಿಂಟ್ರೆವಿಯನ್ ವಿಸ್ನರ್ 1,000 ಯಾರ್ಡ್ ದಾಟಿದ. ಡಿಸೆಂಬರ್ ಬಂತೆಂದರೆ ನಾವೆಲ್ಲ ಕೇಳುವುದು ‘ಸಾಲಿನ ಮೊದಲನೆಯವನು ಉಳಿಯುತ್ತಾನಾ, ಹೋಗುತ್ತಾನಾ’ ಎಂದು. ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಸೀಸನ್ ನಿಲ್ಲುವುದೋ ಬೀಳುವುದೋ ಹೆಚ್ಚಾಗಿ ಮೂರನೆಯವನ ಮೇಲೆ.

ತಾವೋ ಮಕ್ಕಳೋ ಓದಿದ ಯೂನಿವರ್ಸಿಟಿಯ ತಂಡವನ್ನು ಶನಿವಾರ ತಪ್ಪದೆ ನೋಡುವ ಅಮೆರಿಕದ ಕನ್ನಡಿಗರು ತಮ್ಮ ತಂಡದ ರನ್ನಿಂಗ್ ಬ್ಯಾಕ್‌ಗಳ ಸಾಲನ್ನು ತಾವೇ ಅಳೆದು ನೋಡಲಿ ಎಂದು ಇದನ್ನು ಬರೆದಿದ್ದೇವೆ. ಒಂದು ಸ್ಪ್ರೆಡ್‌ಶೀಟ್ ತೆರೆದಿಟ್ಟುಕೊಳ್ಳಿ.

ಮೊದಲು ವರ್ಷಗಳ ಲೆಕ್ಕ

ಪ್ರತಿ ರನ್ನಿಂಗ್ ಬ್ಯಾಕ್‌ಗೆ ಒಂದು ಸಾಲು. ಮೊದಲ ಕಾಲಂನಲ್ಲಿ ಹೆಸರು, ಎರಡನೆಯದರಲ್ಲಿ ಅವನು ಕಾಲೇಜು ಸೇರಿದ ವರ್ಷ. ತಂಡದ ಪುಟದಲ್ಲಿರುವ ‘ಸೋಫೊಮೋರ್’ (ಎರಡನೇ ವರ್ಷ), ‘ಜೂನಿಯರ್’ (ಮೂರನೇ ವರ್ಷ) ಪಟ್ಟಿಗಳನ್ನು ನೆಚ್ಚಿಕೊಳ್ಳಬೇಡಿ. ಒಂದು ಯೂನಿವರ್ಸಿಟಿ ರೆಡ್‌ಶರ್ಟ್ ವರ್ಷವನ್ನು (ತಂಡದಲ್ಲಿದ್ದೂ ಆಡುವ ಸೀಸನ್ ಖರ್ಚಾಗದ ವರ್ಷ) ಸೇರಿಸಿ ಬರೆಯುತ್ತದೆ, ಇನ್ನೊಂದು ಬಿಟ್ಟು ಬರೆಯುತ್ತದೆ. ಸೇರಿದ ವರ್ಷ ಮಾತ್ರ ಬದಲಾಗುವುದಿಲ್ಲ.

ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎಯ ಮೂಲ ಲೆಕ್ಕ ಐದು ವರ್ಷದೊಳಗೆ ನಾಲ್ಕು ಸೀಸನ್. 2018ರಿಂದ, ಒಂದು ಸೀಸನ್‌ನಲ್ಲಿ ನಾಲ್ಕು ಪಂದ್ಯದವರೆಗೆ ಆಡಿದವನೂ ರೆಡ್‌ಶರ್ಟ್ ಉಳಿಸಿಕೊಳ್ಳಬಹುದು. ಹಾಗಾಗಿ ಮೂರನೇ ಕಾಲಂನಲ್ಲಿ ಅವನು ಪ್ರತಿ ವರ್ಷ ಎಷ್ಟು ಪಂದ್ಯಕ್ಕೆ ಇಳಿದಿದ್ದಾನೆ ಎಂದು ಬರೆಯಿರಿ. ಐದನೇ ಪಂದ್ಯದಲ್ಲಿ ಒಂದೇ ಸ್ನ್ಯಾಪ್‌ಗೆ (ಚೆಂಡು ಆಟಕ್ಕೆ ಬರುವ ಒಂದು ಸರದಿಗೆ) ಕಾಲಿಟ್ಟರೂ ಆ ವರ್ಷ ಖರ್ಚಾದಂತೆ. ಕಿಕ್‌ಆಫ್ ತಂಡದಲ್ಲಿ ಓಡಿದ್ದೂ ಲೆಕ್ಕಕ್ಕೆ ಬರುತ್ತದೆ. ಪಂದ್ಯದ ಅಂಕಿಪಟ್ಟಿಯಾದ ಬಾಕ್ಸ್ ಸ್ಕೋರ್‌ನಲ್ಲಿ ಕ್ಯಾರಿ (ಚೆಂಡು ಹೊತ್ತು ಓಡಿದ ಸಲ) ಸೊನ್ನೆ ಎಂದಿದ್ದರೆ ಆಡಿಲ್ಲ ಎಂದುಕೊಳ್ಳಬೇಡಿ. ‘ಪಂದ್ಯದಲ್ಲಿ ಭಾಗವಹಿಸಿದವರು’ ಎಂಬ ಪಟ್ಟಿ ಬೇರೆಯೇ ಇರುತ್ತದೆ, ಅದನ್ನು ತೆಗೆದು ನೋಡಿ. 2020ರ ಕೋವಿಡ್ ಸೀಸನ್ ಯಾರ ಲೆಕ್ಕಕ್ಕೂ ಹಿಡಿಯಲಿಲ್ಲ, ಜೂನಿಯರ್ ಕಾಲೇಜಿನಿಂದ ಬಂದವರ ವಿಷಯದಲ್ಲಿ ಕೋರ್ಟು ಕಚೇರಿಯಾಗಿದೆ. ಅಂಥವರಿದ್ದರೆ ಅವರ ಸಾಲಿಗೆ ಬೇರೆ ಬಣ್ಣ ಕೊಡಿ.

ನಾಲ್ಕನೇ ಕಾಲಂ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನದು. ಹೈಸ್ಕೂಲ್ ಮುಗಿಸಿ ಮೂರು ವರ್ಷವಾದವನು ಡ್ರಾಫ್ಟ್‌ಗೆ (ಆ ಲೀಗ್‌ನ ತಂಡಗಳು ಹೊಸಬರನ್ನು ಆರಿಸುವ ಸುತ್ತಿಗೆ) ಹೆಸರು ಕೊಡಬಹುದು. 2022ರಲ್ಲಿ ಸೇರಿದ ಆಷ್ಟನ್ ಜೆಂಟಿ, ಕ್ವಿನ್‌ಶಾನ್ ಜಡ್ಕಿನ್ಸ್ ಇಬ್ಬರೂ ಮೂರು ಸೀಸನ್ ಆಡಿ 2025ರ ಡ್ರಾಫ್ಟ್‌ಗೆ ಹೋದರು. ರನ್ನಿಂಗ್ ಬ್ಯಾಕ್‌ನ ಮೈ ಬೇಗ ಸವೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು; ಒಳ್ಳೆಯವನು ನಾಲ್ಕನೇ ವರ್ಷ ನಿಲ್ಲುತ್ತಾನೆ ಎಂದು ನಂಬಿ ಲೆಕ್ಕ ಹಾಕಬೇಡಿ. ಮೂರನೇ ಸೀಸನ್ ಮುಗಿಸಿದ ಪ್ರತಿ ಪ್ರಮುಖ ಆಟಗಾರನ ಎದುರು ‘ಹೋದ’ ಎಂದೇ ಬರೆದಿಡಿ. ನಿಂತರೆ ಲಾಭ.

ಇಷ್ಟಾದ ಮೇಲೆ ಶೀಟನ್ನು ಮೇಲಿಂದ ಕೆಳಗೆ ಓದಿ. ಒಂದೇ ವರ್ಷ ಇಬ್ಬರು ದೊಡ್ಡವರು ಹೊರಡುವಂತಿದ್ದರೆ ಅದೇ ನಿಮ್ಮ ಮೊದಲ ಎಚ್ಚರಿಕೆ. ಪೆನ್ ಸ್ಟೇಟ್‌ನ ನಿಕೊಲಸ್ ಸಿಂಗಲ್ಟನ್, ಕೇಟ್ರನ್ ಆಲೆನ್ ಇಬ್ಬರೂ 2022ರಲ್ಲಿ ಜೊತೆಗೇ ಸೇರಿದರು, 2024ರಲ್ಲಿ ಇಬ್ಬರೂ 1,000 ಯಾರ್ಡ್ ದಾಟಿದರು, 2025ಕ್ಕೆ ಇಬ್ಬರೂ ಮರಳಿದರು. ಅಂಥ ಜೋಡಿ ಸಿಗುವುದು ಪುಣ್ಯ. ಆದರೆ ಅವರು ಹೊರಡುವುದೂ ಜೊತೆಗೇ, ಮತ್ತು ಅವರಿಬ್ಬರೇ ಚೆಂಡು ಹಿಡಿದ ನಾಲ್ಕು ವರ್ಷ ಅವರ ಹಿಂದೆ ನಿಂತವರಿಗೆ ಪಂದ್ಯದ ಅನುಭವ ಸಿಕ್ಕಿರುವುದಿಲ್ಲ. ಈ ಹಳ್ಳ ಎರಡು ವರ್ಷ ಮುಂಚೆಯೇ ಶೀಟಿನಲ್ಲಿ ಕಾಣುತ್ತದೆ.

ಹೆಸರು ಎಣಿಸಬೇಡಿ, ಕ್ಯಾರಿ ಎಣಿಸಿ

‘ನಮ್ಮಲ್ಲಿ ಆರು ಜನ ಇದ್ದಾರೆ’ ಎಂದರೆ ಏನೂ ಹೇಳಿದಂತಲ್ಲ. ಕಳೆದ ಸೀಸನ್‌ನಲ್ಲಿ ತಂಡ ಪಂದ್ಯಕ್ಕೆ ಸರಾಸರಿ ಎಷ್ಟು ಸಲ ಓಡಿತು ನೋಡಿ. 36 ಎಂದಿಟ್ಟುಕೊಳ್ಳಿ. ಅದರಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನದು 7, ಪಾಸ್ ಹಿಡಿಯುವ ರಿಸೀವರ್‌ಗೆ ಕೊಟ್ಟದ್ದು 1. ಉಳಿದದ್ದು 28. ಹನ್ನೆರಡು ಪಂದ್ಯಕ್ಕೆ 336 ಕ್ಯಾರಿ. ಮೊದಲನೆಯವನಿಗೆ 15, ಎರಡನೆಯವನಿಗೆ 9, ಮೂರನೆಯವನಿಗೆ 4 ಎಂದು ಹಂಚಿದರೆ ಸೀಸನ್‌ಗೆ 180, 108, 48 ಆಗುತ್ತದೆ.

ಈಗ ಮೊದಲನೆಯವನು ನಾಲ್ಕು ಪಂದ್ಯ ಹೊರಗೆ ಕೂತ ಎಂದು ಲೆಕ್ಕ ಮಾಡಿ. 60 ಕ್ಯಾರಿಗೆ ದಿಕ್ಕಿಲ್ಲ. ಎರಡನೆಯವನು 15ಕ್ಕೆ ಏರಿದರೆ ಮೂರನೆಯವನು 9ಕ್ಕೆ ಏರಬೇಕು, ನಾಲ್ಕನೆಯವನು ಮೈದಾನಕ್ಕೆ ಇಳಿಯಬೇಕು. ಆ ನಾಲ್ಕನೆಯವನ ಹೆಸರು ನಿಮ್ಮ ಶೀಟಿನಲ್ಲಿ ಯಾವುದು? ಉತ್ತರ ತಡವರಿಸಿದರೆ ಸಾಲು ತೆಳುವಾಗಿದೆ.

ಹಂಚುವ ರೀತಿ ತಂಡದಿಂದ ತಂಡಕ್ಕೆ ಬೇರೆ. 2024ರಲ್ಲಿ ಬೋಯ್ಸಿ ಸ್ಟೇಟ್‌ನ ಜೆಂಟಿ 14 ಪಂದ್ಯದಲ್ಲಿ 374 ಕ್ಯಾರಿ ಹೊತ್ತು 2,601 ಯಾರ್ಡ್ ಓಡಿದ, ಅಂದರೆ ಪಂದ್ಯಕ್ಕೆ ಸುಮಾರು 27. ಅದೇ ವರ್ಷ ಚಾಂಪಿಯನ್ ಆದ ಒಹಾಯೋ ಸ್ಟೇಟ್‌ನಲ್ಲಿ ಜಡ್ಕಿನ್ಸ್ 194, ಟ್ರೆವಿಯಾನ್ ಹೆಂಡರ್‌ಸನ್ 144. ಇಬ್ಬರದೂ ಸೇರಿ 16 ಪಂದ್ಯಕ್ಕೆ 338, ಜೆಂಟಿ ಒಬ್ಬನದಕ್ಕಿಂತ ಕಡಿಮೆ. ಇಬ್ಬರೂ 1,000 ಯಾರ್ಡ್ ದಾಟಿದರು, ಜನವರಿಯಲ್ಲಿ ಇಬ್ಬರ ಕಾಲೂ ಗಟ್ಟಿಯಾಗಿದ್ದವು. ಪ್ಲೇಆಫ್ 12 ತಂಡಗಳದ್ದಾದ ಮೇಲೆ ಉತ್ತಮ ತಂಡ 16 ಪಂದ್ಯ ಆಡಬೇಕಾಗಬಹುದು. ಒಬ್ಬನ ಮೇಲೆ ಎಲ್ಲ ಹೊರಿಸುವ ಯೋಜನೆ ಈಗ ನಮಗೆ ಸರಿ ಕಾಣುವುದಿಲ್ಲ.

ಒಂದು ಮಾತು, ಇಲ್ಲಿ ಬಹಳ ಜನ ಎಡವುತ್ತಾರೆ: ಕಾಲೇಜ್ ಅಂಕಿಅಂಶದಲ್ಲಿ ಕ್ವಾರ್ಟರ್‌ಬ್ಯಾಕ್ ಸ್ಯಾಕ್ ಆದರೆ (ಎಸೆಯುವ ಮುಂಚೆಯೇ ಅವನನ್ನು ಹಿಂದೆ ಕೆಡವಿದರೆ) ಅದು ಓಟದ ಲೆಕ್ಕಕ್ಕೆ ಸೇರುತ್ತದೆ, ಎನ್‌ಎಫ್‌ಎಲ್‌ನಲ್ಲಿ ಹಾಗಲ್ಲ. ಕ್ವಾರ್ಟರ್‌ಬ್ಯಾಕ್‌ನ ಎದುರು ‘9 ಕ್ಯಾರಿ, 12 ಯಾರ್ಡ್’ ಎಂದಿದೆ, ಅದರಲ್ಲಿ 4 ಸ್ಯಾಕ್, ನಷ್ಟ 28 ಯಾರ್ಡ್ ಎಂದುಕೊಳ್ಳಿ. ಅವನು ನಿಜವಾಗಿ ಓಡಿದ್ದು 5 ಸಲ, 40 ಯಾರ್ಡ್. ಸ್ಯಾಕ್ ತೆಗೆಯದೆ ತಂಡದ ಓಟದ ಸರಾಸರಿ ನೋಡಿದರೆ ಮುಂದೆ ದಾರಿ ಮಾಡಿಕೊಡುವ ಲೈನ್ ಚೆನ್ನಾಗಿದ್ದರೂ ಕೆಟ್ಟದಾಗಿ ಕಾಣುತ್ತದೆ.

ಸರಾಸರಿಯ ಹಿಂದೆ ನೋಡುವುದು

ಒಬ್ಬ ಹತ್ತು ಸಲ ಓಡಿದ. ಒಂಬತ್ತು ಸಲ ಮೂರು ಮೂರು ಯಾರ್ಡ್, ಒಂದು ಸಲ 60. ಒಟ್ಟು 87, ಸರಾಸರಿ 8.7. ಕಾಗದದಲ್ಲಿ ಅದ್ಭುತ. ಆದರೆ ಆ ಒಂಬತ್ತು ಸಲವೂ ಫಸ್ಟ್ ಡೌನ್‌ನಲ್ಲಿ (ಹತ್ತು ಯಾರ್ಡ್ ದಾಟಲು ಸಿಗುವ ನಾಲ್ಕು ಯತ್ನಗಳಲ್ಲಿ ಮೊದಲನೆಯದರಲ್ಲಿ) ಮೂರೇ ಯಾರ್ಡ್ ಬಂದರೆ ತಂಡ ಪ್ರತಿ ಸಲ ಸೆಕೆಂಡ್ ಆ್ಯಂಡ್ ಸೆವೆನ್‌ನಲ್ಲಿ (ಎರಡನೇ ಯತ್ನ, ಇನ್ನೂ ಏಳು ಯಾರ್ಡ್ ಬಾಕಿ) ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಯಶಸ್ಸಿನ ಪ್ರಮಾಣ ಎಂಬ ಅಳತೆ ಇದೆ: ಫಸ್ಟ್ ಡೌನ್‌ನಲ್ಲಿ ಬೇಕಾದ ಯಾರ್ಡ್‌ನ ಅರ್ಧ, ಸೆಕೆಂಡ್ ಡೌನ್‌ನಲ್ಲಿ ಶೇ 70, ಥರ್ಡ್, ಫೋರ್ತ್ ಡೌನ್‌ನಲ್ಲಿ ಪೂರ್ತಿ. ಅಷ್ಟು ಬಂದರೆ ಆ ಓಟ ಗೆದ್ದಂತೆ. ಪ್ಲೇ-ಬೈ-ಪ್ಲೇ (ಪ್ರತಿ ಸರದಿಯ ದಾಖಲೆ) ತೆಗೆದು ಎರಡನೆಯವನ, ಮೂರನೆಯವನ 40–50 ಓಟಗಳನ್ನು ಹೀಗೆ ಗುರುತು ಮಾಡಲು ಒಂದು ಸಂಜೆ ಸಾಕು. ಶೇ 45–50ರ ಆಸುಪಾಸು ಇದ್ದರೆ ಅವನನ್ನು ನಂಬಬಹುದು. ಶೇ 35ಕ್ಕೆ ಇಳಿದರೆ ಮಿಂಚಿನ ಓಟಗಳು ಅವನನ್ನು ಎತ್ತಿ ತೋರಿಸುತ್ತಿವೆ ಎಂದರ್ಥ.

ಗುರುತು ಮಾಡುವಾಗ ಪಂದ್ಯದ ಸ್ಥಿತಿಯನ್ನೂ ಬರೆಯಿರಿ. 35 ಪಾಯಿಂಟ್ ಮುಂದಿರುವಾಗ ನಾಲ್ಕನೇ ಕ್ವಾರ್ಟರ್‌ನಲ್ಲಿ, ಎದುರಾಳಿಯ ಮೂರನೇ ಸಾಲಿನ ಮೇಲೆ ಓಡಿದ 50 ಯಾರ್ಡ್‌ಗೆ ಬೆಲೆ ಕಡಿಮೆ.

ನಂಬಿಕೆ ಗಳಿಸುವ ಜಾಗ: ಪಾಸ್ ಪ್ರೊಟೆಕ್ಷನ್

ಹೈಸ್ಕೂಲ್‌ನಲ್ಲಿ ಊರೆಲ್ಲ ಮೆರೆದ ಹುಡುಗ ಕಾಲೇಜಿನಲ್ಲಿ ಬೆಂಚಿನ ಮೇಲೆ ಯಾಕೆ ಕೂತಿದ್ದಾನೆ ಎಂದು ಕೇಳುವವರಿಗೆ ಹತ್ತರಲ್ಲಿ ಏಳು ಸಲ ಉತ್ತರ ಇಲ್ಲೇ, ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವುದರಲ್ಲೇ ಇರುತ್ತದೆ. ಹೈಸ್ಕೂಲ್‌ನಲ್ಲಿ ಅವನ ಕೈಗೆ ಚೆಂಡು ಕೊಟ್ಟರು, ಬ್ಲಾಕ್ ಮಾಡು ಎಂದು ಯಾರೂ ಹೇಳಲಿಲ್ಲ.

ಥರ್ಡ್ ಆ್ಯಂಡ್ ಎಯ್ಟ್. ಬ್ಯಾಕ್ ಕ್ವಾರ್ಟರ್‌ಬ್ಯಾಕ್‌ನ ಎಡಕ್ಕೆ ನಿಂತಿದ್ದಾನೆ. ಸ್ನ್ಯಾಪ್‌ಗೆ ಮುಂಚೆ ಸೆಂಟರ್ (ಲೈನ್‌ನ ನಡುವಿನವನು) ಬೆರಳು ತೋರಿಸಿ ‘ಮೈಕ್’ (ಎದುರಾಳಿಯ ಲೈನ್ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ಗಳಲ್ಲಿ ನಡುವಿನವನು) ಯಾರೆಂದು ಕೂಗುತ್ತಾನೆ. ಐವರು ಲೈನ್‌ಮನ್ ಯಾರ್ಯಾರನ್ನು ಹಿಡಿಯುತ್ತಾರೆ ಎಂಬುದು ಆ ಕೂಗಿನಿಂದ ತೀರ್ಮಾನವಾಗುತ್ತದೆ, ಬ್ಯಾಕ್‌ಗೆ ಉಳಿದ ಲೈನ್‌ಬ್ಯಾಕರ್ ಯಾರು ಎಂಬುದೂ. ಸ್ನ್ಯಾಪ್ ಆದೊಡನೆ ಅವನ ಕಣ್ಣು ಒಳಗಿನಿಂದ ಹೊರಕ್ಕೆ ಹೋಗಬೇಕು: ಮೊದಲು ಸೆಂಟರ್ ಮತ್ತು ಅವನ ಪಕ್ಕದ ಗಾರ್ಡ್ ನಡುವಿನ ಸಂದು, ಆಮೇಲೆ ಅಂಚು. ಯಾಕೆಂದರೆ ಒಳಗಿನ ದಾರಿಯೇ ಕ್ವಾರ್ಟರ್‌ಬ್ಯಾಕ್‌ಗೆ ಹತ್ತಿರ. ಲೈನ್‌ಬ್ಯಾಕರ್ ನುಗ್ಗಿದರೆ ಬ್ಯಾಕ್ ಕಾದು ನಿಲ್ಲದೆ ಮುಂದೆ ಹೆಜ್ಜೆ ಹಾಕಿ ಲೈನ್ ಹತ್ತಿರವೇ ಅವನನ್ನು ಎದುರುಗೊಳ್ಳಬೇಕು, ಮಂಡಿ ಬಗ್ಗಿರಬೇಕು, ಕೈ ಎದೆಯ ಒಳಭಾಗಕ್ಕೆ ಹೋಗಬೇಕು, ತಲೆ ಎತ್ತಿರಬೇಕು. ಹೊಸಬ ಮಾಡುವ ತಪ್ಪು ಎರಡು. ಹಿಂದೆ ಕ್ವಾರ್ಟರ್‌ಬ್ಯಾಕ್‌ನ ಮಡಿಲಲ್ಲೇ ನಿಂತು ಕಾಯುತ್ತಾನೆ, ಇಲ್ಲವೇ ತಲೆ ತಗ್ಗಿಸಿ ಕಾಲಿಗೆ ಬೀಳುತ್ತಾನೆ. ಮೊದಲನೆಯದರಲ್ಲಿ ಪಾಕೆಟ್ (ಕ್ವಾರ್ಟರ್‌ಬ್ಯಾಕ್‌ನ ಸುತ್ತಲಿನ ಕಾವಲು) ಕುಸಿಯುತ್ತದೆ, ಎರಡನೆಯದರಲ್ಲಿ ಲೈನ್‌ಬ್ಯಾಕರ್ ಹಾರಿ ದಾಟುತ್ತಾನೆ. ಹೀಗೆ ಎರಡು ಸಲ ಆದರೆ ಯಾವ ಕೋಚ್ ಆದರೂ ಆ ಹುಡುಗನನ್ನು ಥರ್ಡ್ ಡೌನ್‌ಗೆ ಇಳಿಸುವುದಿಲ್ಲ.

ಹೀಗಾಗಿ ಟಿವಿ ನೋಡುವಾಗ ಥರ್ಡ್ ಡೌನ್‌ನಲ್ಲಿ ಮೈದಾನದಲ್ಲಿರುವ ಬ್ಯಾಕ್ ಯಾರು ಎಂದು ಪ್ರತಿ ಸಲ ಬರೆದಿಡಿ. ಡೆಪ್ತ್ ಚಾರ್ಟ್‌ನಲ್ಲಿ (ಯಾರು ಮೊದಲು, ಯಾರು ನಂತರ ಎಂಬ ತಂಡದ ಪಟ್ಟಿಯಲ್ಲಿ) ಇಬ್ಬರ ಹೆಸರಿನ ನಡುವೆ ‘ಅಥವಾ’ ಎಂದು ಎಷ್ಟೇ ಬರೆದಿರಲಿ, ಕೋಚ್‌ಗೆ ಯಾರ ಮೇಲೆ ನಂಬಿಕೆ ಎಂಬುದು ಈ ಪಟ್ಟಿಯಲ್ಲಿ ಬಯಲಾಗುತ್ತದೆ.

ಚೆಂಡು ಹಿಡಿಯುವ ರೀತಿಯನ್ನೂ ಗಮನಿಸಿ. ಬೆರಳು ಚೆಂಡಿನ ತುದಿಯನ್ನು ಮುಚ್ಚಿರಬೇಕು. ಅಂಗೈ, ಮುಂಗೈ, ತೋಳು, ಎದೆ, ಎಲ್ಲ ಚೆಂಡಿಗೆ ಒತ್ತಿಕೊಂಡಿರಬೇಕು. ಬಯಲಿಗೆ ಬಂದಾಗ ಮೊಣಕೈ ದೇಹದಿಂದ ದೂರ ಸರಿದು ನಡುವೆ ಬೆಳಕು ಕಂಡರೆ ಅವನು ಇವತ್ತಲ್ಲ ನಾಳೆ ಚೆಂಡು ಕೈಬಿಟ್ಟು ಫಂಬಲ್ ಮಾಡುತ್ತಾನೆ.

ಹೈಸ್ಕೂಲ್ ಹುಡುಗರನ್ನು ಆರಿಸುವುದು

ಸ್ಟಾರ್ ರೇಟಿಂಗ್‌ಗೆ ಅರ್ಥವಿದೆ. ಹಲವು ರೇಟಿಂಗ್‌ಗಳನ್ನು ಸೇರಿಸಿದ ಕಾಂಪೊಸಿಟ್ ಅಂಕಿಯನ್ನು ಒಂದು ಕಾಲಂನಲ್ಲಿ ಹಾಕಿ, ಅಲ್ಲಿಗೆ ನಿಲ್ಲಿಸಬೇಡಿ. ವೇಗಕ್ಕೆ 40 ಯಾರ್ಡ್ ಓಟದ ಸಮಯ ಎಂದು ಹುಡುಗರ ಪ್ರೊಫೈಲ್‌ನಲ್ಲಿ ಬರೆದಿರುವುದನ್ನು ನೆಚ್ಚಬೇಡಿ. ಟ್ರ್ಯಾಕ್ ಮೀಟ್‌ನ 100 ಮೀಟರ್ ಸಮಯ ಹುಡುಕಿ, ಅದರಲ್ಲೂ ಎಲೆಕ್ಟ್ರಾನಿಕ್ ಯಂತ್ರದ್ದು, ಹಿಂಗಾಳಿ ಸೆಕೆಂಡಿಗೆ 2.0 ಮೀಟರ್ ಮೀರದ್ದು. ಕೈಗಡಿಯಾರದ ಸಮಯವಾದರೆ 0.24 ಸೆಕೆಂಡ್ ಸೇರಿಸಿ, 10.7 ಎಂದು ಹೇಳಿಕೊಳ್ಳುವ ಹುಡುಗ ನಿಜವಾಗಿ 10.94. ನಮ್ಮ ಅಂದಾಜಿನಲ್ಲಿ 200 ಪೌಂಡ್ ಮೈಯಲ್ಲಿ 10.8 ಓಡುವವನು ಯಾವ ಕಾನ್ಫರೆನ್ಸ್‌ಗೂ ಸಾಕಷ್ಟು ವೇಗದವನು.

ಟೇಪ್‌ನಲ್ಲಿ ಉದ್ದನೆಯ ಟಚ್‌ಡೌನ್‌ಗಳನ್ನು ದಾಟಿಸಿ. ಹೈಲೈಟ್ ರೀಲ್ ಎಂದರೆ ಒಳ್ಳೆಯದನ್ನೇ ಆರಿಸಿದ್ದು, ಎದುರಿಗೆ 150 ಪೌಂಡ್‌ನ ಹುಡುಗರು ಬೀಳುವುದೇ ಅದರಲ್ಲಿ ಜಾಸ್ತಿ. ಇಡೀ ಪಂದ್ಯ ಸಿಕ್ಕರೆ, ಅದೂ ಬಲವಾದ ಎದುರಾಳಿಯದು, ನಾಲ್ಕು ಯಾರ್ಡ್‌ನ ಓಟಗಳನ್ನು ನೋಡಿ. ಸಂದು ಮುಚ್ಚಿದಾಗ ಎರಡನೇ ದಾರಿ ಕಂಡನೇ? ಮೊದಲ ಪೆಟ್ಟು ಬಿದ್ದಾಗ ಕಾಲು ನಿಂತಿತೇ, ಓಡುತ್ತಲೇ ಇತ್ತೇ? ಕಬಡ್ಡಿ ನೋಡಿ ಬೆಳೆದವರಿಗೆ ಇದು ಸುಲಭ. ಕಣಕಾಲು ಹಿಡಿದ ಮೇಲೂ ಗೆರೆಯ ಕಡೆ ಮೈ ಚಾಚುವ ರೈಡರ್‌ನಲ್ಲಿ ಕಾಣುವ ಸಮತೋಲವೇ ಇಲ್ಲಿಯೂ ಬೇಕು. ಬಿದ್ದರೂ ಮುಂದಕ್ಕೆ ಬೀಳುವವನು ಪ್ರತಿ ಓಟಕ್ಕೆ ಒಂದು ಯಾರ್ಡ್ ಹೆಚ್ಚು ತರುತ್ತಾನೆ.

ಆಮೇಲೆ ತಂಡದ ಪದ್ಧತಿಗೆ ಹೊಂದುತ್ತಾನೆಯೇ ನೋಡಿ. ಔಟ್‌ಸೈಡ್ ಝೋನ್ ಆಡುವ ತಂಡಕ್ಕೆ ತಾಳ್ಮೆಯಿಂದ ಅಡ್ಡ ಓಡಿ ಒಂದೇ ಹೆಜ್ಜೆಯಲ್ಲಿ ತಿರುಗಿ ನುಗ್ಗುವವನು ಬೇಕು. ಕೌಂಟರ್, ಪವರ್ ಆಡುವ ತಂಡಕ್ಕೆ ಎಳೆದು ಬರುವ ಗಾರ್ಡ್‌ನ ಹಿಂದೆ ಅಂಟಿಕೊಂಡು ಗುದ್ದಿ ಹೋಗುವವನು. ಹೊಸ ಕೋಚ್ ಬಂದು ಪದ್ಧತಿ ಬದಲಾದರೆ ಹಳಬರ ಅಂಕಿಗಳು ಅರ್ಧ ಬೆಲೆ ಕಳೆದುಕೊಳ್ಳುತ್ತವೆ.

ಓದಿನ ಕಾಲಂ ಮರೆಯಬೇಡಿ. ಮೊದಲ ವರ್ಷವೇ ಡಿವಿಷನ್ 1ರಲ್ಲಿ ಆಡಲು 16 ಕೋರ್ ವಿಷಯಗಳಲ್ಲಿ 2.3 ಜಿಪಿಎ ಬೇಕು, ಅದರಲ್ಲಿ ಹತ್ತು ವಿಷಯ ಹೈಸ್ಕೂಲ್‌ನ ಕೊನೆಯ ವರ್ಷಕ್ಕೆ ಮುಂಚೆ ಮುಗಿದಿರಬೇಕು. ಡಿಸೆಂಬರ್‌ಗೇ ಹೈಸ್ಕೂಲ್ ಮುಗಿಸಿ ಜನವರಿಯಲ್ಲಿ ಕಾಲೇಜು ಸೇರುವವನಿಗೆ ವಸಂತದ 15 ಅಭ್ಯಾಸಗಳು ಸಿಗುತ್ತವೆ. ಜೂನ್‌ನಲ್ಲಿ ಸೇರುವವನು ನೇರ ಆಗಸ್ಟ್ ಕ್ಯಾಂಪ್‌ಗೆ ಬೀಳುತ್ತಾನೆ. ಪಾಸ್ ಪ್ರೊಟೆಕ್ಷನ್ ಕಲಿಯಲು ಆ 15 ದಿನ ಬಹಳ ದೊಡ್ಡದು, ಹಾಗಾಗಿ ಮೊದಲ ವರ್ಷವೇ ಆಡಬಹುದಾದ ಫ್ರೆಶ್‌ಮನ್ ಎಂದು ನಾವು ಎಣಿಸುವುದು ಜನವರಿಯವರನ್ನು ಮಾತ್ರ.

ಎಷ್ಟು ಜನ? ವರ್ಷಕ್ಕೊಬ್ಬ ಬೇಕೇ ಬೇಕು, ವರ್ಷ ಬಿಟ್ಟು ವರ್ಷ ಇಬ್ಬರು. ಒಂದು ವರ್ಷ ಒಬ್ಬನೂ ಬರದಿದ್ದರೆ ಮೂರು ವರ್ಷದ ನಂತರ ಅಲ್ಲಿ ತೂತು ಬೀಳುತ್ತದೆ, ಅದನ್ನು ಪೋರ್ಟಲ್‌ನಿಂದ (ತಂಡ ಬದಲಿಸಬಯಸುವ ಆಟಗಾರರ ಪಟ್ಟಿಯಿಂದ) ದುಡ್ಡು ಕೊಟ್ಟು ಮುಚ್ಚಬೇಕಾಗುತ್ತದೆ. ಬಾಯಿಮಾತಿನ ಒಪ್ಪಿಗೆಗೆ ಬೆಲೆ ಕಟ್ಟಬೇಡಿ. ಡಿಸೆಂಬರ್‌ನ ಮೊದಲ ಬುಧವಾರ ಸಹಿ ಶುರುವಾಗುವವರೆಗೆ ಆ ಹೆಸರನ್ನು ಪೆನ್ಸಿಲ್‌ನಲ್ಲೇ ಬರೆದಿರಿ.

ಪೋರ್ಟಲ್

ಇಲ್ಲಿ ಕ್ಯಾಲೆಂಡರೇ ಅರ್ಧ ಕಥೆ. 2026ಕ್ಕೆ ಎನ್‌ಸಿಎಎ ಜನವರಿ 2ರಿಂದ 16ರವರೆಗೆ ಪೋರ್ಟಲ್‌ಗೆ ಹೆಸರು ಕೊಡಲು ಒಂದೇ ಅವಧಿ ಇಟ್ಟು ಏಪ್ರಿಲ್‌ನ ಅವಧಿಯನ್ನು ತೆಗೆದುಹಾಕಿತು. ಇದರಿಂದ ಎರಡು ಪರಿಣಾಮ. ಹೈಸ್ಕೂಲ್ ಹುಡುಗರು ಸಹಿ ಹಾಕುವುದು ಡಿಸೆಂಬರ್ ಮೊದಲ ವಾರ, ತಂಡದಿಂದ ಯಾರು ಹೊರಟರು ಎಂದು ತಿಳಿಯುವುದು ಜನವರಿ. ಅಂದರೆ ಹುಡುಗರನ್ನು ಆರಿಸುವಾಗಲೇ ಸಾಲಿನಿಂದ ಒಬ್ಬ ಹೊರಡುತ್ತಾನೆ ಎಂದು ಹಿಡಿದು ಆರಿಸಬೇಕು. ಎರಡನೆಯದು ಇನ್ನೂ ಕಠಿಣ: ಮಾರ್ಚ್‌ನ ಅಭ್ಯಾಸದಲ್ಲಿ ಒಬ್ಬನ ಮೊಣಕಾಲು ಹೋದರೆ ಮೊದಲಿನ ಹಾಗೆ ಏಪ್ರಿಲ್‌ನಲ್ಲಿ ಇನ್ನೊಬ್ಬನನ್ನು ತರುವುದು ಕಷ್ಟ. ಅದಕ್ಕೇ ಜನವರಿ ಕೊನೆಗೆ ಸಾಲಿನಲ್ಲಿ ಆರು ಜನ ಇರಲೇಬೇಕು ಎನ್ನುತ್ತೇವೆ: ಪಂದ್ಯ ಆಡಿದವರು ಮೂವರು, ಕಲಿಯುತ್ತಿರುವವರು ಇಬ್ಬರು, ಬೇರೆ ಸ್ಥಾನದಿಂದ ಸರಿಯಬಲ್ಲವನೋ ಸ್ಕಾಲರ್‌ಶಿಪ್ ಇಲ್ಲದೆ ಸೇರಿದ ವಾಕ್-ಆನ್ ಹುಡುಗನೋ ಒಬ್ಬ. ಬೇರೆ ಸ್ಥಾನದವನು ಎಂದರೆ ಕಡೆಗಣಿಸಬೇಡಿ. 2019ರಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಟೆಕ್ಸಸ್ ಸೇರಿದ ರೋಶಾನ್ ಜಾನ್ಸನ್ ಅಲ್ಲಿನ ಗಾಯಗಳ ಕಾರಣಕ್ಕೆ ರನ್ನಿಂಗ್ ಬ್ಯಾಕ್ ಆಗಿ, ಅದೇ ಸ್ಥಾನದಿಂದ ಎನ್‌ಎಫ್‌ಎಲ್ ತಲುಪಿದ.

ಕೋಚ್ ಬದಲಾದ ತಂಡಕ್ಕೆ ಬೇರೆ 15 ದಿನದ ಅವಧಿ ತೆರೆಯುತ್ತದೆ. ನಿಮ್ಮ ತಂಡದಲ್ಲಿ ಹಾಗಾದರೆ ಶೀಟನ್ನು ಮೊದಲಿನಿಂದ ಮಾಡಿ.

2025ರ ಜೂನ್ 6ರಂದು, ಯೂನಿವರ್ಸಿಟಿಗಳು ಆಟಗಾರರಿಗೆ ನೇರ ಹಣ ಕೊಡಲು ದಾರಿ ಮಾಡಿದ ಹೌಸ್ ಒಪ್ಪಂದಕ್ಕೆ ಕೋರ್ಟ್ ಒಪ್ಪಿಗೆ ಸಿಕ್ಕ ಮೇಲೆ, ಅದಕ್ಕೆ ಸೇರಿದ ಯೂನಿವರ್ಸಿಟಿಗಳಲ್ಲಿ 85 ಸ್ಕಾಲರ್‌ಶಿಪ್‌ನ ಮಿತಿ ಹೋಗಿ 105 ಆಟಗಾರರ ಮಿತಿ ಬಂತು. ಮೊದಲ ವರ್ಷ ಎಲ್ಲ ಕ್ರೀಡೆ ಸೇರಿ ಆಟಗಾರರಿಗೆ ಹಂಚಬಹುದಾದ ಮೊತ್ತ ಸುಮಾರು 2.05 ಕೋಟಿ ಡಾಲರ್. ಕ್ವಾರ್ಟರ್‌ಬ್ಯಾಕ್, ಟ್ಯಾಕಲ್, ಎಡ್ಜ್ ರಶರ್‌ಗೆ ಹೋದ ಮೇಲೆ ಉಳಿದದ್ದು ರನ್ನಿಂಗ್ ಬ್ಯಾಕ್‌ಗೆ. ಇದ್ದ ದುಡ್ಡನ್ನೆಲ್ಲ ಒಬ್ಬ ಹೊಸಬನ ಮೇಲೆ ಸುರಿದು, ಮೂರು ವರ್ಷದಿಂದ ಪ್ಲೇಬುಕ್ ಅರೆದು ಕುಡಿದವನನ್ನು ಬಿಟ್ಟುಕೊಡುವ ತಂಡಗಳಿವೆ. ಹಿತ್ತಲ ಗಿಡ ಮದ್ದಲ್ಲ ಎಂಬಂತೆ.

ಪೋರ್ಟಲ್‌ನಿಂದ ಒಳ್ಳೆಯವರು ಬರುವುದಿಲ್ಲ ಎಂದಲ್ಲ. ವೇಕ್ ಫಾರೆಸ್ಟ್‌ನಿಂದ ಮಿಶಿಗನ್ ಸ್ಟೇಟ್‌ಗೆ ಬಂದ ಕೆನೆತ್ ವಾಕರ್ 2021ರಲ್ಲಿ 1,636 ಯಾರ್ಡ್ ಓಡಿದ. ಸ್ಯಾಕ್ರಮೆಂಟೊ ಸ್ಟೇಟ್‌ನಂಥ ಕೆಳಹಂತದ ತಂಡದಿಂದ ಅರಿಜೋನಾ ಸ್ಟೇಟ್‌ಗೆ ಬಂದ ಕ್ಯಾಮ್ ಸ್ಕಾಟಬೋ 2024ರಲ್ಲಿ 1,711 ಓಡಿದ್ದಲ್ಲದೆ ಪಾಸ್ ಹಿಡಿದು 605 ಯಾರ್ಡ್ ತಂದ. ಕೆಳಹಂತದಿಂದ ಬರುವವನಲ್ಲಿ ನಾವು ನೋಡುವುದು ಎರಡು: ದೊಡ್ಡ ತಂಡದ ವಿರುದ್ಧ ಅವನು ಆಡಿದ ಒಂದೆರಡು ಪಂದ್ಯದ ಟೇಪ್, ಮತ್ತು ಪೆಟ್ಟು ಬಿದ್ದ ಮೇಲೆ ಗಳಿಸಿದ ಯಾರ್ಡ್. ವೇಗದ ಬಲದಿಂದಲೇ ಮೆರೆದವನಿಗೆ ಮೇಲಿನ ಹಂತದಲ್ಲಿ ಆ ವೇಗ ಸಾಧಾರಣವಾಗುತ್ತದೆ, ಪೆಟ್ಟು ತಡೆಯುವ ಮೈ ಎಲ್ಲಿಯೂ ಕೆಲಸಕ್ಕೆ ಬರುತ್ತದೆ.

ಪೋರ್ಟಲ್‌ನಲ್ಲಿ ತಂದವನೇ ಮೊದಲನೆಯವನಾಗುತ್ತಾನೆ ಎಂಬುದೂ ಖಾತ್ರಿಯಿಲ್ಲ. 2025ರಲ್ಲಿ ಒಹಾಯೋ ಸ್ಟೇಟ್ ವೆಸ್ಟ್ ವರ್ಜೀನಿಯಾದಿಂದ ಸಿಜೆ ಡೊನಾಲ್ಡ್‌ಸನ್‌ನನ್ನು ತಂದಿತು, ಹಳಬ ಜೇಮ್ಸ್ ಪೀಪಲ್ಸ್ ಇದ್ದ. ಇಬ್ಬರನ್ನೂ ಹಿಂದೆ ಹಾಕಿ ಮುಂದೆ ಬಂದವನು ಫ್ರೆಶ್‌ಮನ್ ಬೋ ಜ್ಯಾಕ್ಸನ್.

ವಸಂತದಿಂದ ಆಗಸ್ಟ್‌ವರೆಗೆ

ಸ್ಪ್ರಿಂಗ್ ಗೇಮ್‌ನ ಯಾರ್ಡ್‌ಗಳನ್ನು ಶೀಟಿಗೆ ಹಾಕಬೇಡಿ. ಅಲ್ಲಿ ಹಳಬರನ್ನು ಕೋಚ್‌ಗಳು ಬೇಕೆಂದೇ ಕೂರಿಸಿರುತ್ತಾರೆ. ನೋಡಬೇಕಾದ್ದು ಮೊದಲ ಲೈನ್ ಜೊತೆ ಯಾರು ನಿಂತರು, ಬ್ಲಿಟ್ಜ್ (ಕ್ವಾರ್ಟರ್‌ಬ್ಯಾಕ್ ಮೇಲೆ ಹೆಚ್ಚು ಜನ ನುಗ್ಗುವುದು) ಬಂದಾಗ ಯಾರ ಕಣ್ಣು ಸರಿಯಾದ ಕಡೆ ಹೋಯಿತು ಎಂಬುದು.

ಆಗಸ್ಟ್ ಕ್ಯಾಂಪ್ ಶುರುವಾದ ಮೇಲೆ ವಾರಕ್ಕೊಮ್ಮೆ ಒಂದೇ ಕೆಲಸ: ಪ್ರತಿ ಬ್ಯಾಕ್‌ನ ಎದುರು ‘ಅಭ್ಯಾಸದಲ್ಲಿದ್ದಾನೆ’, ‘ಮಿತಿಯಲ್ಲಿದ್ದಾನೆ’, ‘ಹೊರಗಿದ್ದಾನೆ’ ಎಂದು ಬರೆಯಿರಿ. ತೊಡೆಯ ಹಿಂಭಾಗದ ಸ್ನಾಯು ಹಿಡಿದವನು ‘ಎರಡು ವಾರ’ ಎಂದರೆ ಮೂರು ಹಿಡಿಯಿರಿ, ಅದು ಮರುಕಳಿಸುವ ನೋವು. ಕಳೆದ ವರ್ಷ ಮೊಣಕಾಲಿನ ಎಸಿಎಲ್ ಶಸ್ತ್ರಚಿಕಿತ್ಸೆ ಆದವನು ಮರಳಿದರೂ ಮೊದಲ ತಿಂಗಳು ಅವನಿಗೆ ಕೊಟ್ಟ 15 ಕ್ಯಾರಿಯನ್ನು 8ಕ್ಕೆ ಇಳಿಸಿ. ಉಳಿದ ಏಳನ್ನು ಯಾರ ಸಾಲಿಗೆ ಹಾಕುತ್ತೀರಿ ಎಂದು ಈಗಲೇ ಬರೆದುಕೊಳ್ಳಿ. ಮೊದಲ ಪಂದ್ಯದ ಹೊತ್ತಿಗೆ ಪಂದ್ಯಕ್ಕೆ 28 ಕ್ಯಾರಿ ಕೂಡುವ ಲೆಕ್ಕ ಎರಡು ಸಲ ಹೊಂದಬೇಕು, ಒಮ್ಮೆ ಎಲ್ಲರೂ ಇದ್ದಾಗ, ಇನ್ನೊಮ್ಮೆ ಮೊದಲನೆಯವನ ಹೆಸರು ಅಳಿಸಿದಾಗ.